ಐರಿಸ್ ಗೆಡ್ಡೆ ಕುಂಡಕ್ಕೆ ಇಡುವ ಮೊದಲು

ಪೋರ್ಟ್‌ಲ್ಯಾಂಡ್, ಒರೆಗಾನ್
ಸೆಪ್ಟೆಂಬರ್ 12

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ಹಿಮಾಚಲದಿಂದ ಐರಿಸ್ ಹೂಗಿಡದ ಗೆಡ್ಡೆಗಳ ಪಾರ್ಸೆಲ್ ಸಕಲೇಶಪುರಕ್ಕೆ ಬಂತಂತೆ. ಇವತ್ತೇ ಬಿಚ್ಚಿಬಿಡಿ, ಪ್ಲಾಸ್ಟಿಕ್ ಒಳಗೆ ಬೆವರಿದಷ್ಟೂ ಗೆಡ್ಡೆ ಕೊಳೆಯೋದು ಜಾಸ್ತಿ. ಮಣ್ಣಿಗೆ ಇಡೋದಕ್ಕೆ ಅವಸರವಿಲ್ಲ. ಮಣ್ಣಿಲ್ಲದೆಯೂ ಗೆಡ್ಡೆ ಒಂದು ವಾರ ಚೆನ್ನಾಗೇ ಇರುತ್ತೆ.

ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿ. ಹಸಿ ಶುಂಠಿ ಹಾಗೆ ಗಟ್ಟಿ ಇದ್ದರೆ ಸರಿ. ಬೆರಳು ಒಳಗಿಳಿದು, ಲೋಳೆ ಬಂದು ನಾರಿದರೆ, ಗಟ್ಟಿ ಬಿಳಿ ಭಾಗ ಸಿಗುವವರೆಗೂ ಕೆತ್ತಿ ತೆಗೆಯಿರಿ. ಪ್ರತಿ ಸಲ ಕೊಯ್ದ ಮೇಲೂ ಚಾಕುವನ್ನು ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಿನಲ್ಲಿ ಅದ್ದಿ. ಎಲೆಗಳನ್ನು 6 ಇಂಚಿಗೆ ಕತ್ತರಿಸಿ. ಆಮೇಲೆ ಫ್ಯಾನ್ ಕೆಳಗೆ, ಪೇಪರ್ ಮೇಲೆ, ಎರಡು ಮೂರು ದಿನ ಹರಡಿ. ಕೊಯ್ದ ಜಾಗ ಒಣಗಿ ಚಿಪ್ಪು ಕಟ್ಟಬೇಕು.

ಶುಂಠಿ ಕೊಳೆರೋಗಕ್ಕೆ ಅಣ್ಣ ತಂದಿಟ್ಟಿರೋ ಮೆಟಲಾಕ್ಸಿಲ್ ಅನ್ನೋ ಔಷಧ ಇದಕ್ಕೆ ಕೆಲಸ ಮಾಡಲ್ಲ. ಶುಂಠಿಯದು ಪಿಥಿಯಂ ಅನ್ನೋ ಬೂಷ್ಟಿನಂಥ ಜೀವಿಯ ಕಾಟ, ಐರಿಸ್‌ನ ನಾರುವ ಕೊಳೆ ಬ್ಯಾಕ್ಟೀರಿಯಾದ್ದು. ಈ ಬ್ಯಾಕ್ಟೀರಿಯಾ ಒಳಹೋಗೋದೇ ಗಾಯದ ಮೂಲಕ. ಅದಕ್ಕೇ ಒಣಗಿಸೋ ವಿಷಯದಲ್ಲಿ ಇಷ್ಟು ಹಠ.

ಕುಂಡ 10 ಇಂಚಿನದು, ಮಣ್ಣಿನದಾದರೆ ಒಳ್ಳೇದು, ತೇವ ಗೋಡೆಯಿಂದಲೂ ಆರುತ್ತೆ. ಕುಂಡದ ಕೆಳಗೆ ತಟ್ಟೆ ಬೇಡವೇ ಬೇಡ. ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಎರಡು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು. ಹಸಿ ಸಗಣಿ ಹಾಕಬೇಡಿ. ನಮ್ಮ ಮಣ್ಣು ಹುಳಿ, ಕಾಫಿಗೆ ಹಾಕೋ ಸುಣ್ಣ ಒಂದು ಚಮಚ ಬೆರೆಸಿ. ನಡುವೆ ಸಣ್ಣ ದಿಬ್ಬ ಮಾಡಿ ಗೆಡ್ಡೆ ಕೂರಿಸಿ, ಬೇರುಗಳನ್ನು ಎರಡೂ ಕಡೆ ಇಳಿಬಿಟ್ಟು ಅವುಗಳ ಮೇಲೆ ಮಾತ್ರ ಮಣ್ಣು ಒತ್ತಿ. ಗೆಡ್ಡೆಯ ಬೆನ್ನು ಬಿಸಿಲಿಗೆ ಕಾಣುತ್ತಿರಲಿ. ಕೈ ಅಭ್ಯಾಸಬಲದಿಂದ ಶುಂಠಿ ಹಾಗೆ ಮುಚ್ಚೋಕೆ ಹೋಗುತ್ತೆ, ಎಚ್ಚರ.

ನೆಟ್ಟ ದಿನ ಒಂದು ಸಲ ನೀರು. ಆಮೇಲೆ ಬೆರಳು ಎರಡು ಇಂಚು ಇಳಿಸಿದಾಗ ಒಣಗಿದ್ದರೆ ಮಾತ್ರ. ಮಳೆ ನಿಲ್ಲೋವರೆಗೆ ಜಗುಲಿಯ ಮೇಲಿರಲಿ, ಸೂರಿನ ನೀರು ಬೀಳದ ಕಡೆ. ಬಿಸಿಲು ಬಂದ ಮೇಲೆ ಕಾಫಿ ಕಣದ ಅಂಚಿಗೆ ತನ್ನಿ.

ಹೊರಗಿನ ಎಲೆ ಒಂದೆರಡು ಹಳದಿಯಾದರೆ ಗಾಬರಿ ಬೇಡ. ನಡುವಿನ ಎಲೆಯೇ ಬುಡದಲ್ಲಿ ಜೋತು, ಎಳೆದರೆ ಕಿತ್ತು ಬಂತೆಂದರೆ ಕೊಳೆ. ಗೆಡ್ಡೆ ಕಿತ್ತು ಮತ್ತೆ ಕೆತ್ತಿ, ಒಣಗಿಸಿ, ಹೊಸ ಮಣ್ಣಿಗೆ ಇಡಿ. ಚಳಿ ಸಾಲದೆ ಹೂ ಕಮ್ಮಿಯಾಗಬಹುದು, ಅದಕ್ಕೆ ಮದ್ದಿಲ್ಲ.

ಕೆತ್ತಿದ ಚೂರುಗಳನ್ನು ಕೊಟ್ಟಿಗೆ ಕಡೆ ಎಸೆಯಬೇಡಿ, ದನಕ್ಕೆ ವಿಷ. ಒಣಗೋಕೆ ಹಾಕಿದ ಗೆಡ್ಡೆಯ ಪಕ್ಕ ಒಂದು ಚೀಟಿಯೂ ಇಡಿ. ಅಮ್ಮ ಶುಂಠಿ ಅಂತ ಕಷಾಯಕ್ಕೆ ಜಜ್ಜಿಬಿಟ್ಟಾರು.

ನಿಮ್ಮ
ಮೈದುನ