ಅಬಕಾರಿ ಲೆಕ್ಕ ಒಂದೇ ಇಲಾಖೆದಲ್ಲ

ಸಂಪಾದಕರೇ, ನಮಸ್ಕಾರ.

ಹಳ್ಳೀಲಿ ಅಕ್ರಮ ಮದ್ಯ ಮಾರಾಟದ ಸುದ್ದಿ ಬಂದಾಗೆಲ್ಲ ಅಬಕಾರಿಯವರ ಹೇಳಿಕೆ ಮಾತ್ರ ಇರತ್ತೆ, ಇದು ಅವರೊಬ್ಬರ ವಿಷಯ ಅನ್ನೋ ಥರ. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆ ದೂಬಗುಂಟದಲ್ಲಿ 1992ರ ಸುಮಾರಿಗೆ ಏನಾಯ್ತು ನೋಡಿ. ಅಕ್ಷರ ಕಲಿಯೋಕೆ ಅಂತ ಬಂದ ಹೆಂಗಸರು, ಪಾಠದಲ್ಲಿ ಸಾರಾಯಿಂದ ಹಾಳಾದ ಸಂಸಾರದ ಕಥೆ ಇತ್ತು, ಓದ್ತಾ ಓದ್ತಾ ಇದು ನಮ್ಮನೇದೇ ಅಲ್ವಾ ಅಂತ ಮಾತು ಬೆಳೆದು ಅಂಗಡಿ ಮುಚ್ಚಿಸಿದ್ರು, ಆಮೇಲೆ ಸಾರಾಯಿ ಹರಾಜಿಗೇ ಅಡ್ಡ ಕೂತ್ರು. 1993ರಲ್ಲಿ ಸಾರಾಯಿ ಬಂದ್, 1995ರಲ್ಲಿ ಅಲ್ಲಿನ ಮುಖ್ಯಮಂತ್ರಿ ಎನ್‌ಟಿಆರ್ ಪೂರ್ತಿ ಪಾನನಿಷೇಧ ತಂದ್ರು. ಆ ಕಡೆ ಹೆಂಗಸರು ದಿನಕ್ಕೆ 1 ರೂಪಾಯಿ ಕೂಡಿಡೋ ‘ಪೊದುಪು ಲಕ್ಷ್ಮಿ’ ಗುಂಪುಗಳನ್ನೂ ಕಟ್ಕೊಂಡ್ರು. ಸಾಕ್ಷರತೆ ಕ್ಲಾಸಲ್ಲಿ ಶುರುವಾಗಿದ್ದು ಎಲ್ಲಿಗೆ ಹೋಯ್ತು ನೋಡಿ!

ಆದ್ರೆ ಮದ್ಯದ ಸುಂಕ ನಿಂತು ಖಜಾನೆಗೆ ಬಿದ್ದ ತೂತು ತುಂಬಲಿಲ್ಲ. 2 ರೂಪಾಯಿ ಅಕ್ಕಿ 1996ರಲ್ಲಿ ಮೂರೂವರೆ ಆಯ್ತು, ಕರೆಂಟು, ಬಸ್ ಚಾರ್ಜು ಏರ್ತು, ಕಡೆಗೆ 1997ರಲ್ಲಿ ನಿಷೇಧವೇ ಹೋಯ್ತು. ಕುಡಿಯೋರು ಉಳಿಸಿದ್ದನ್ನ ಅಕ್ಕಿ ಕೊಳ್ಳೋರ ಹತ್ರ ಕಿತ್ಕೊಂಡಂಗೆ.

ನಮ್ಮಲ್ಲೂ 2007ರ ಜುಲೈಯಿಂದ ಸಾರಾಯಿ ಇಲ್ಲ, ಸಾರಾಯಿ ಪಾಕೀಟು ಹೋಗಿ ಬೇರೆ ಮದ್ಯದ ಟೆಟ್ರಾ ಪ್ಯಾಕ್ ಬಂತು ಅಷ್ಟೆ. 2019ರ ಜನವರೀಲಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡೇ ಹೋಗಿ ನಿಷೇಧ ಮಾಡಿ ಅಂದ್ರು. ಆ ಪಾದಗಳಿಗೆ ಕೈಮುಗೀತೀನಿ, ಆದ್ರೆ ನೆಲ್ಲೂರಿನ ಕಥೆ ಗೊತ್ತಿರೋದ್ರಿಂದ ಒಂದೇ ಏಟಿಗೆ ನಿಷೇಧ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಹಂಗಂತ ಈಗ ನಡೀತಿರೋದಾದ್ರೂ ಏನು? 2023ರ ಜುಲೈ ಬಜೆಟ್ಟಲ್ಲಿ ಮದ್ಯದ ಹೆಚ್ಚುವರಿ ಅಬಕಾರಿ ಸುಂಕ 20 ಪರ್ಸೆಂಟ್ ಏರಿಸಿ 36,000 ಕೋಟಿ ಟಾರ್ಗೆಟ್ ಇಟ್ರು, ಮುಂದಿನ ತಿಂಗಳೇ ಗೃಹಲಕ್ಷ್ಮಿ 2,000 ಶುರುವಾಯ್ತು. ಅಕ್ಕನ ಅಕೌಂಟಿಗೆ ಬಂದಿದ್ದು ಭಾವನ ಜೇಬಿಂದ ವಾಪಸ್ ಹೋಗ್ತಿದೆ. ನಮ್ಮ ಓಣೀಲಿ ಕಿರಾಣಿ ಅಂಗಡೀಲೇ ಸಕ್ಕರೆ ಪಕ್ಕ ಟೆಟ್ರಾ ಪ್ಯಾಕ್ ಸಿಗತ್ತೆ (ಹೆಸರು ಬರೆಯಲ್ಲ, ನನ್ನ ಹಳೇ ವಿದ್ಯಾರ್ಥಿ ಅವನು, ಲೆಕ್ಕದಲ್ಲಿ ಮೊದಲಿಂದ್ಲೂ ಚುರುಕು).

ನಾನು ಕೇಳೋದು ಇಷ್ಟೇ. ಟಾರ್ಗೆಟ್ ಇಡೋ ಮೀಟಿಂಗಿಗೆ ಆರೋಗ್ಯ ಇಲಾಖೆಯವರನ್ನೂ ಮಹಿಳಾ ಮತ್ತು ಮಕ್ಕಳ ಇಲಾಖೆಯವರನ್ನೂ ಕರೀರಿ, ಕುಡಿತದಿಂದ ಅವರಿಗೆ ಎಷ್ಟು ಖರ್ಚು ಬೀಳ್ತಿದೆ ಅಂತ ಅದೇ ಹಾಳೇಲಿ ಬರೀರಿ, ಊರಿಗೆ ಅಂಗಡಿ ಬೇಕೋ ಬೇಡ್ವೋ ಅನ್ನೋದನ್ನ ಗ್ರಾಮಸಭೇಲಿ ಹೆಂಗಸರೂ ಕೂತಿರೋವಾಗ ಕೇಳಿ. ಸಭೆ ಸಂಜೆ ಇಟ್ಕೊಳ್ಳಿ, ಬೆಳಿಗ್ಗೆ ಎಲ್ಲಾರೂ ಕೂಲಿಗೆ ಹೋಗಿರ್ತಾರೆ.

– ನಿವೃತ್ತ ಶಿಕ್ಷಕಿ, ಸಿಂಧನೂರು