ಡೆರಿಂಜರ್ ಕೊಳ್ಳುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರಿಯ ರಾಘು,

ನೀನು ಕಳಿಸಿದ ಹರಾಜಿನ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಲಾಕ್ ತಟ್ಟೆಯ (ಹಾರಿಸುವ ಯಂತ್ರವನ್ನು ಹಿಡಿದಿರುವ ಪಕ್ಕದ ಲೋಹದ ತಟ್ಟೆ) ಮೇಲೆ ‘ಡೆರಿಂಜರ್ ಫಿಲಡೆಲ’ ಎಂಬ ಅಕ್ಷರ ಇದೆ, ಸರಿ. ಅದೊಂದನ್ನೇ ನಂಬಿ ಬೆಲೆ ಕೂಗಬೇಡ.

ಹೆನ್ರಿ ಡೆರಿಂಜರ್ (1786–1868) ಫಿಲಡೆಲ್ಫಿಯಾದಲ್ಲಿ ಮಾಡುತ್ತಿದ್ದ ಈ ಕೇಪಿನ (ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿಯ) ಕಿಸೆ ಪಿಸ್ತೂಲಿಗೆ ಅವನು ಬದುಕಿದ್ದಾಗಲೇ ನಕಲು ಹುಟ್ಟಿಕೊಂಡಿತ್ತು. ಅವನ ಹತ್ತಿರ ಕೆಲಸ ಕಲಿತವರೇ ಅದೇ ಊರಿನ ಸ್ಲಾಟರ್ ಕಂಪನಿಗೆ ಹೋಗಿ ಅದೇ ಆಕಾರ, ಅದೇ ಮುದ್ರೆಯ ಮಾಲು ತಯಾರಿಸಿದರು. ಇಂಥ ನಕಲು ಮಾರುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಪ್ಲೇಟ್ ಎಂಬಾತನ ಮೇಲೆ ಹೂಡಿದ ದಾವೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1865ರಲ್ಲಿ ಡೆರಿಂಜರ್ ಪರವಾಗಿ ತೀರ್ಪು ಕೊಟ್ಟಿತು. ಇನ್ನು ಕೆಲವರು ಜಾನ್ ಡೆರಿಂಜರ್ ಎಂಬ ದರ್ಜಿಯೊಬ್ಬನ ಹೆಸರು ಹಿಡಿದು ‘ಜೆ. ಡೆರಿಂಜರ್’ ಎಂದು ಮುದ್ರೆ ಹೊಡೆದರು. ಆ ಕಾಲದ ನಕಲುಗಳಿಗೂ ಇವತ್ತು ಒಳ್ಳೆಯ ಗಿರಾಕಿಗಳಿದ್ದಾರೆ. ಉಜ್ಜಿ ಹೊಳಪು ಮಾಡಿದ ಅಸಲಿಗಿಂತ ಯಾರೂ ಕೈ ಹಚ್ಚದ ಸ್ಲಾಟರ್ ನಕಲೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಸಲಿಯಲ್ಲಿ ಏನೇನು ಇರಬೇಕು? ಹೆಸರು ಎರಡು ಸಾಲಿನಲ್ಲಿ, ಲಾಕಿನ ಮೇಲೂ ನಳಿಗೆಯ ಬುಡದಲ್ಲೂ ಇರುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ನಡುವೆ ‘ಆರ್’ ಒಂದೇ. ನಡುವೆ ಎರಡು ‘ಆರ್’ ಇರುವುದು ಆಮೇಲೆ ಈ ಜಾತಿಯ ಪಿಸ್ತೂಲಿಗೆಲ್ಲ ಅಂಟಿಕೊಂಡ ಹೆಸರು. ನಳಿಗೆಯ ಬುಡದ ಪಕ್ಕದಲ್ಲಿ ಕಿರಣಗಳ ನಡುವೆ ‘ಪಿ’ ಅಕ್ಷರದ ಪರೀಕ್ಷಾ ಮುದ್ರೆ (ನಳಿಗೆ ಹಾರಿಸಿ ಪರೀಕ್ಷಿಸಿದ್ದರ ಗುರುತು). ಹಿಡಿ ವಾಲ್ನಟ್ ಮರದ್ದು, ಗೀರುಗೆತ್ತನೆಯ ಚೌಕುಳಿ ಇರುವಂಥದ್ದು. ಪಟ್ಟಿ, ಟ್ರಿಗರ್ ಕಾವಲುಗಳೆಲ್ಲ ಜರ್ಮನ್ ಸಿಲ್ವರ್ (ಬೆಳ್ಳಿಯಲ್ಲ, ತಾಮ್ರ-ನಿಕಲ್-ಸತುವಿನ ಮಿಶ್ರಲೋಹ). ನಳಿಗೆಯ ಒಳಗೆ ಗುಂಡು ತಿರುಗುತ್ತ ಹೋಗಲೆಂದು ಕೊರೆದ ಏಳು ಗೀರು. ಹೊರಗೆ ಡಮಾಸ್ಕಸ್ ಕಬ್ಬಿಣದಂತೆ (ಪದರ ಬೆಸೆದು ಮಾಡಿದ, ಅಲೆಅಲೆ ಚಿತ್ತಾರದ ಲೋಹ) ಕಾಣಲೆಂದು ಹಾಕಿದ ಕಂದು ಪಟ್ಟೆಗಳು. ಈ ಪಟ್ಟೆ ಉಳಿದಿದ್ದರೆ ಅದೇ ಐಶ್ವರ್ಯ, ಏಕೆಂದರೆ ಮೊದಲು ಅಳಿಸಿಹೋಗುವುದೇ ಅದು.

ಈಗ ಸ್ಕ್ರೂಗಳಿಗೆ ಬಾ. ಅವುಗಳ ತಲೆಯ ಸೀಳು ಚೂಪಾಗಿದೆಯೋ, ತಿಂದುಹೋಗಿದೆಯೋ ನೋಡು. ತಿಂದಿದ್ದರೆ ಯಾರೋ ತಪ್ಪು ಅಳತೆಯ ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದ್ದಾರೆ. ಒಳಗಿನ ಬಿಡಿಭಾಗ ಬದಲಾಗಿರುವ ಸಾಧ್ಯತೆ ಇದೆ. ಸ್ಕ್ರೂ ಕೂರುವ ತೂತಿನ ಅಂಚು ತಟ್ಟೆಯಂತೆ ತಗ್ಗಿದ್ದರೆ, ಲಾಕಿನ ಮೂಲೆಗಳು ದುಂಡಗಾಗಿದ್ದರೆ, ಅಕ್ಷರದ ಒಂದು ಕಡೆ ಆಳ, ಇನ್ನೊಂದು ಕಡೆ ಮಸುಕು ಇದ್ದರೆ, ಪಾಲಿಷ್ ಚಕ್ರಕ್ಕೆ ಹಿಡಿದದ್ದು ಖಂಡಿತ. ಮರ ಲೋಹಕ್ಕಿಂತ ಒಂದು ಕೂದಲೆಳೆ ಎತ್ತರ ಇರಬೇಕು. ಮರವೇ ತಗ್ಗಿದ್ದರೆ ಮರಳು ಕಾಗದ ಹಾಕಿ ಉಜ್ಜಿದ್ದಾರೆ.

ಅಮೆರಿಕದ ಅಧ್ಯಕ್ಷ ಲಿಂಕನ್‌ರ ಮೇಲೆ 1865ರ ಏಪ್ರಿಲ್ 14ರಂದು ಗುಂಡು ಹಾರಿಸಿದ ಡೆರಿಂಜರ್ ಪಿಸ್ತೂಲು ಈಗ ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿನ ಮ್ಯೂಸಿಯಮ್ಮಿನಲ್ಲಿದೆ. ಅದನ್ನು ಕದ್ದು ನಕಲು ಇಟ್ಟಿದ್ದಾರೆ ಎಂಬ ಮಾತು ಎದ್ದಾಗ, 1997ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು ಹಳೆಯ ಫೋಟೋಗಳ ಜೊತೆ ಹೋಲಿಸಿ ಅದೇ ಇದು ಎಂದು ಹೇಳಿದರು. ಗುರುತಾಗಿ ಸಿಕ್ಕಿದ್ದು ಲೋಹದ ಗುಳಿ, ಮರದ ನಾರಿನ ಸುಳಿ ಇಂಥವೇ. ಯಾರಾದರೂ ಅದನ್ನು ‘ಚೊಕ್ಕ’ ಮಾಡಿದ್ದರೆ ಹೋಲಿಸಲು ಏನು ಉಳಿಯುತ್ತಿತ್ತು?

ಪಿಸ್ತೂಲು ಕೈಗೆ ಬಂದ ದಿನ ಮೊದಲು ಮಾಡಬೇಕಾದ್ದು ಒಳಗೆ ಮದ್ದು ಇದೆಯೇ ಎಂದು ನೋಡುವುದು. ನೂರೈವತ್ತು ವರ್ಷದಿಂದ ತುಂಬಿಯೇ ಇಟ್ಟ ಪಿಸ್ತೂಲುಗಳು ಈಗಲೂ ಸಿಗುತ್ತವೆ, ಒಣಗಿದ ಕರಿಮದ್ದು ಕೆಡುವುದಿಲ್ಲ. ನಳಿಗೆಯ ಬಾಯಿ ಯಾರ ಕಡೆಗೂ ಇರದಂತೆ, ನಿನ್ನ ಮುಖದ ಎದುರಿಗೂ ಬಾರದಂತೆ ಪಕ್ಕದಿಂದ ಹಿಡಿದು, ತೆಳ್ಳಗಿನ ಮರದ ಕಡ್ಡಿ ಇಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕು. ಅದೇ ಕಡ್ಡಿಯನ್ನು ಹೊರಗೆ ನಳಿಗೆಗೆ ಒತ್ತಿ ಹಿಡಿ. ತುದಿ ಕೇಪು ಕೂರುವ ನಿಪ್ಪಲಿನ ಬುಡದ ತನಕ ಬರಬೇಕು. ಅರ್ಧ ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ: ಗುಂಡೇ ಇರಬಹುದು, ಕಣಜದ ಗೂಡೂ ಇರಬಹುದು. ಕೆದಕಬೇಡ, ಡ್ರಿಲ್ ಹಾಕಬೇಡ, ಹಳೆಯ ಕೋವಿ ಬಲ್ಲ ಗನ್‌ಸ್ಮಿತ್ ಹತ್ತಿರ ಒಯ್ಯಿ. ಖಾಲಿ ಇದ್ದರೂ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಎಳೆದು ಟಕ್ಕೆಂದು ಬಿಡಬೇಡ; ನಿಪ್ಪಲಿನ ಬಾಯಿ ಚಪ್ಪಟೆಯಾಗುತ್ತದೆ, ಹಳೆಯ ಸ್ಪ್ರಿಂಗು ಮುರಿಯುತ್ತದೆ.

ಚೊಕ್ಕ ಮಾಡುವ ವಿಚಾರ. ಗಟ್ಟಿಯಾಗಿ ಕೂತ ಕಂದು-ಕಪ್ಪು ಪದರ ತೊಂದರೆ ಕೊಡುವುದಿಲ್ಲ, ಬಿಟ್ಟುಬಿಡು. ಬೆರಳಿಗೆ ಪುಡಿಯಾಗಿ ಹತ್ತುವ ಕೆಂಪು ತುಕ್ಕು ಮಾತ್ರ ಬೆಳೆಯುವಂಥದ್ದು. ಅದರ ಮೇಲೆ ಒಂದು ತೊಟ್ಟು ತೆಳು ಗನ್ ಎಣ್ಣೆ ಹಾಕಿ ಒಂದು ದಿನ ಬಿಡು, ಬಿದಿರು ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ ಬಿಳಿ ಹತ್ತಿಬಟ್ಟೆಯಲ್ಲಿ ಒರಸು. ಬಟ್ಟೆಗೆ ಕೆಂಪು ಬರುವುದು ನಿಲ್ಲುವ ತನಕ ಹೀಗೇ. ಎಣ್ಣೆ ಮರಕ್ಕೆ ಇಳಿಯದಿರಲಿ. ಲಾಕಿನ ಹಿಂದಿನ ಮರ ಎಣ್ಣೆ ಕುಡಿದು ಕಪ್ಪಾಗಿ ಮೆತ್ತಗಾಗುತ್ತದೆ. ಅಮೋನಿಯಾ ಇರುವ ಹಿತ್ತಾಳೆ ಪಾಲಿಷ್ ಜರ್ಮನ್ ಸಿಲ್ವರ್‌ಗೆ ತಾಗಿಸಲೇಬೇಡ. ಕೊನೆಗೆ ಮೈಕ್ರೋಕ್ರಿಸ್ಟಲೈನ್ ಮೇಣ (ಮ್ಯೂಸಿಯಮ್ಮಿನವರು ಬಳಸುವ ಸಣ್ಣ ಹರಳಿನ ಮೇಣ) ತೀರಾ ತೆಳ್ಳಗೆ ಸವರಿ ಒರಸಿದರೆ ಸಾಕು. ಮುಟ್ಟುವಾಗ ನೈಟ್ರೈಲ್ ಕೈಗವಸು ಹಾಕಿಕೋ, ಬೆವರಿನ ಉಪ್ಪು ಒಂದೇ ವಾರದಲ್ಲಿ ಬೆರಳಚ್ಚು ಮೂಡಿಸುತ್ತದೆ. ಚರ್ಮದ ಚೀಲದಲ್ಲಾಗಲಿ ಓಕ್ ಮರದ ಪೆಟ್ಟಿಗೆಯಲ್ಲಾಗಲಿ ಇಡಬೇಡ, ಎರಡರಿಂದಲೂ ಆಮ್ಲ ಬರುತ್ತದೆ. ಗಾಳಿಯ ತೇವ ಶೇ. 40–50ರಲ್ಲಿ ನಿಲ್ಲಲಿ.

ಮುಂದೆ ಅಮೆರಿಕದ ಕೋಲ್ಟ್ ಕಂಪನಿಯ ಕಡೆ ಮನಸ್ಸು ಹೊರಳಿದರೆ, ಮೂರನೆಯ ಮಾದರಿ ಎಂದು ಹೇಳುವ ಥೂಯರ್ ಡೆರಿಂಜರ್ ಸುಲಭವಾಗಿ ಸಿಗುತ್ತದೆ. .41 ರಿಮ್‌ಫೈರ್ ತೋಟಾ (ಅಂಚಿಗೆ ಬಡಿದರೆ ಹಾರುವಂಥದ್ದು), ಪಕ್ಕಕ್ಕೆ ಹೊರಳುವ ಎರಡೂವರೆ ಇಂಚಿನ ನಳಿಗೆ. ಅದು 1900ರ ಆಚೆಗೂ ತಯಾರಾಯಿತು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ‘ಆಂಟಿಕ್’ ಅನ್ನಿಸಿಕೊಳ್ಳಲು 1898 ಅಥವಾ ಅದಕ್ಕೂ ಮೊದಲು ತಯಾರಾಗಿರಬೇಕು, ಹಾಗಾಗಿ ಸರಣಿ ಸಂಖ್ಯೆ ನೋಡದೆ ಕೊಳ್ಳಬೇಡ. ನಿನ್ನ ರಾಜ್ಯದ ಕಾನೂನು ಬೇರೆ. 1959ರಿಂದ ಕೋಲ್ಟ್ ಅದೇ ಆಕಾರದಲ್ಲಿ .22 ಶಾರ್ಟ್ ತೋಟಾದ ಪಿಸ್ತೂಲು ಮಾರಿತ್ತು. ನೋಡಲು ಮುದ್ದು, ಆದರೆ ಅದು ಹಳೆಯದಲ್ಲ.

ಇಂಗ್ಲೆಂಡಿನ ಸಣ್ಣ ಬಾಕ್ಸ್‌ಲಾಕ್ (ಯಂತ್ರ ಪಕ್ಕದಲ್ಲಿರದೆ ನಡುವಿನ ಲೋಹದ ಪೆಟ್ಟಿಗೆಯೊಳಗಿರುವ) ಪಿಸ್ತೂಲುಗಳಲ್ಲಿ ನಳಿಗೆ ತಿರುಪಿ ಬಿಚ್ಚಿಕೊಳ್ಳುತ್ತದೆ. ನಳಿಗೆಯ ಬಾಯಲ್ಲಿ ಕೀಲಿಗಾಗಿ ಕತ್ತರಿಸಿದ ಕಚ್ಚುಗಳು ಇರುತ್ತವೆ. ಇಕ್ಕುಳ ಹಾಕಿ ತಿರುಗಿಸಿದ್ದರೆ ನಳಿಗೆಯ ಸುತ್ತ ಹಲ್ಲಿನ ಗಾಯ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಪಕ್ಕದಲ್ಲಿ ‘ಲಂಡನ್’ ಎಂದು ಕೆತ್ತಿದ್ದರೂ ನಳಿಗೆ ಬಿಚ್ಚಿ ಅಡಿಯ ಮುದ್ರೆ ನೋಡು: ಕಿರೀಟದ ಕೆಳಗೆ ಅಡ್ಡಡ್ಡ ಹಾಕಿದ ರಾಜದಂಡಗಳಿದ್ದರೆ ಅದು ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದು.

ಊರಿಗೆ ತರುವ ಮಾತು ಎತ್ತಿದ್ದೆಯಲ್ಲ, ಅದನ್ನು ಬಿಟ್ಟುಬಿಡು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮು ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧಕ್ಕೆ ಮಾತ್ರ. ನೀನು ಕೊಳ್ಳಹೊರಟಿರುವುದು ಸುಸ್ಥಿತಿಯದ್ದು.

ಹರಾಜಿನವರಿಗೆ ಇವತ್ತೇ ಬರೆದು ಇನ್ನು ನಾಲ್ಕು ಫೋಟೋ ಕೇಳು: ನಳಿಗೆಯ ಬಾಯಿ ನೇರವಾಗಿ, ಲಾಕಿನ ಸ್ಕ್ರೂ ಹತ್ತಿರದಿಂದ, ‘ಪಿ’ ಮುದ್ರೆ ಓರೆ ಬೆಳಕಿನಲ್ಲಿ, ಲಾಕ್ ಬಿಚ್ಚಿದಾಗ ಅದರ ಒಳಬದಿ. ಕೊನೆಯದಕ್ಕೆ ಒಪ್ಪದಿದ್ದರೆ ಬಿಚ್ಚು ಎಂದು ಒತ್ತಾಯ ಮಾಡಬೇಡ, ಸ್ಕ್ರೂ ಹಾಳಾದೀತು. ಬಂದ ಕೂಡಲೇ ನನಗೆ ಕಳಿಸು.

ನಿನ್ನ,
ಶ್ರೀನಿ