ಊರ ಹೆಸರಿನ ಅರ್ಥ ಹೇಳಬೇಕಾದವರು ಯಾರು? ನ್ಯೂ ಸೌತ್ ವೇಲ್ಸ್ ಸಚಿವರಿಗೊಂದು ಬಹಿರಂಗ ಪತ್ರ

ನ್ಯೂ ಸೌತ್ ವೇಲ್ಸ್ ಸರ್ಕಾರದಲ್ಲಿ ಭೌಗೋಳಿಕ ಹೆಸರುಗಳ ಮಂಡಳಿಯ ಹೊಣೆ ಹೊತ್ತಿರುವ ಮಾನ್ಯ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಪ್ಯಾರಮಟ್ಟಾ, ಟೂಂಗಾಬಿ ಎಂಬ ಹೆಸರುಗಳನ್ನು ತಮ್ಮ ವಿಳಾಸದಲ್ಲಿ ಬರೆಯುವ ಕನ್ನಡಿಗರು ಸಿಡ್ನಿಯ ಪಶ್ಚಿಮ ಭಾಗದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅವರೂ ಓದಲೆಂದು ಈ ಪತ್ರವನ್ನು ಕನ್ನಡದಲ್ಲಿ ಪ್ರಕಟಿಸುತ್ತಿದ್ದೇನೆ. ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ನನ್ನ ಕೋರಿಕೆ ಒಂದೇ. ಮೂಲನಿವಾಸಿಗಳ ಸ್ಥಳನಾಮಕ್ಕೆ ಸರ್ಕಾರಿ ದಾಖಲೆಯಲ್ಲಾಗಲಿ ಫಲಕದಲ್ಲಾಗಲಿ ಅರ್ಥ ಕೊಡುವಾಗ, ಅದು ಯಾವ ಭಾಷೆಯದು, ಮೊದಲು ಬರೆದುಕೊಂಡವರು ಯಾರು, ಇಂದು ಆ ನುಡಿಯ ಜನ ಏನು ಹೇಳುತ್ತಾರೆ ಎಂಬುದನ್ನೂ ಜೊತೆಗೇ ನಮೂದಿಸಬೇಕು. ಅರ್ಥ ಖಚಿತವಿಲ್ಲದಿದ್ದರೆ ಹೆಸರನ್ನಷ್ಟೇ ಬರೆದು ಸುಮ್ಮನಿರಬೇಕು.

ಪ್ಯಾರಮಟ್ಟಾವನ್ನೇ ನೋಡಿ. 1788ರಲ್ಲಿ ಗವರ್ನರ್ ಆರ್ಥರ್ ಫಿಲಿಪ್ ಇದಕ್ಕೆ ರೋಸ್ ಹಿಲ್ ಎಂದು ಹೆಸರಿಟ್ಟರು; 1791ರ ಜೂನ್‌ನಲ್ಲಿ ಅದನ್ನು ಬಿಟ್ಟು, ಮೊದಲಿನಿಂದಲೂ ಇಲ್ಲಿ ಬಾಳಿದ್ದ ಬರ್ರಮಟ್ಟಗಲ್ ಜನರ ಹೆಸರನ್ನೇ ತಮ್ಮ ಕಿವಿಗೆ ಬಿದ್ದಂತೆ ಬಳಕೆಗೆ ತಂದರು. ಸಿಹಿನೀರೂ ಉಪ್ಪುನೀರೂ ಕೂಡುವ ಈ ನದಿಯ ತಾಣದಲ್ಲಿ ಹಾವುಮೀನುಗಳು ನೆಲೆಸುತ್ತವೆ, ಹೆಸರು ಹೇಳುವುದೂ ಅದನ್ನೇ ಎಂದು ಬರ್ರಮಟ್ಟಗಲ್ ಬಣವೂ ಸೇರಿರುವ ದಾರುಗ್ ಜನ ವಿವರಿಸುತ್ತಾರೆ. ಇಲ್ಲಿನ ರಗ್ಬಿ ತಂಡಕ್ಕೆ ಈಲ್ಸ್ ಎಂಬ ಹೆಸರು ಬಂದದ್ದೂ ಅದರಿಂದಲೇ. ಹೆಸರು, ನೀರು, ಜನ ಮೂರೂ ಒಂದಕ್ಕೊಂದು ಸಾಕ್ಷಿಯಾಗಿರುವ ಇಂಥ ಕಡೆ ತಕರಾರಿಲ್ಲ.

ಆದರೆ ವಾಗಾ ವಾಗಾ ನಗರದ ಕಥೆ ಬೇರೆ. ‘ಕಾಗೆಗಳು ಹೆಚ್ಚಿರುವ ಊರು’ ಎಂಬ ಅರ್ಥ ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂತು. ಕಾಗೆಗೆ ತಮ್ಮ ಮಾತಿನಲ್ಲಿ ವಾಗನ್ ಎನ್ನುತ್ತೇವೆ, ಊರಿನ ಹೆಸರು ಕುಣಿತಕ್ಕೆ, ಸಂಭ್ರಮಕ್ಕೆ ಸೇರಿದ್ದು ಎಂದು ಅಲ್ಲಿನ ಮೂಲನಿವಾಸಿಗಳಾದ ವಿರಾಜುರಿ ಹಿರಿಯರು ಹೇಳುತ್ತಲೇ ಇದ್ದರೂ ನಗರಸಭೆ ಅದನ್ನು ಒಪ್ಪಿಕೊಂಡದ್ದು 2019ರಲ್ಲಿ. ತಮ್ಮ ವ್ಯಾಪ್ತಿಗೆ ಬಾರದ ಮೆಲ್ಬರ್ನ್‌ನಲ್ಲಿಯೂ ಹೀಗೇ ಆಗಿದೆ: 1835ರಲ್ಲಿ ಸರ್ವೇಯರ್ ಜಾನ್ ವೆಜ್, ಧುಮುಕುವ ನೀರಿಗೆ ಹೇಳಿದ ಮಾತನ್ನು ನದಿಯ ಹೆಸರೆಂದೇ ತಿಳಿದು ಯಾರಾ ಎಂದು ಬರೆದುಕೊಂಡರು, ವುರುಂಜೆರಿ ಜನ ಬಿರ್ರರಂಗ್ ಎನ್ನುತ್ತಿದ್ದ ನದಿ ನಕ್ಷೆಯಲ್ಲಿ ಯಾರಾ ಆಗಿಯೇ ಉಳಿಯಿತು. (ನಮ್ಮವರೂ ಕಮ್ಮಿಯೇನಿಲ್ಲ. ಹೊಯ್ಸಳ ಬಲ್ಲಾಳನಿಗೆ ಬೇಯಿಸಿದ ಕಾಳು ಬಡಿಸಿದ್ದರಿಂದ ಬೆಂಗಳೂರು ಎಂಬ ಹೆಸರು ಬಂತೆಂದು ಇಂದಿಗೂ ಹೇಳುತ್ತೇವೆ, ಅದಕ್ಕೂ ಹಿಂದಿನ ಬೇಗೂರು ಶಾಸನದಲ್ಲಿ ಆ ಹೆಸರು ಕಣ್ಣೆದುರೇ ಇದ್ದರೂ.)

ಸರಿಯಾಗಿ ಕೇಳಿಸಿಕೊಂಡವರೂ ಇದ್ದರು. ನೌಕಾಪಡೆಯ ಅಧಿಕಾರಿ ವಿಲಿಯಂ ಡಾಸ್ 1790-91ರ ಸುಮಾರಿಗೆ ಪಟ್ಯೆಗರಂಗ್ ಎಂಬ ತರುಣಿಯಿಂದ ಸಿಡ್ನಿಯ ನುಡಿಯನ್ನು ಕಲಿತು ಬರೆದಿಟ್ಟ ಟಿಪ್ಪಣಿಗಳು ಇಂದು ಲಂಡನ್ನಿನಲ್ಲಿವೆ. ಅದರಲ್ಲಿ ಪುಟುವಾ ಎಂಬ ಪದಕ್ಕೆ ಅವರು ಒಂದೇ ಪದದ ಅರ್ಥ ಕೊಟ್ಟು ಕೈ ತೊಳೆದುಕೊಂಡಿಲ್ಲ. ಬೆಂಕಿಯಲ್ಲಿ ತನ್ನ ಕೈ ಕಾಯಿಸಿಕೊಂಡು ಇನ್ನೊಬ್ಬರ ಬೆರಳುಗಳನ್ನು ಮೆಲ್ಲಗೆ ಒತ್ತುವುದು ಎಂದು ಇಡೀ ಕ್ರಿಯೆಯನ್ನೇ ಬರೆದಿದ್ದಾರೆ. ಅವರು ನಕ್ಷತ್ರ ವೀಕ್ಷಣಾಲಯ ಕಟ್ಟಿದ ಜಾಗಕ್ಕೆ ಈಗ ಡಾಸ್ ಪಾಯಿಂಟ್, ತಾರ್‌ರಾ ಎಂಬ ಎರಡೂ ಹೆಸರುಗಳಿವೆ.

2001ರಿಂದ ತಮ್ಮ ರಾಜ್ಯದಲ್ಲಿರುವ ಈ ಜೋಡಿ ಹೆಸರುಗಳ ನೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಹೆಸರಿನ ಕೆಳಗೆ ಚಂದದ ಅರ್ಥವೊಂದನ್ನು ಅಂಟಿಸಲೇಬೇಕೆಂಬ ಆತುರ ಬೇಡ. ಮಧ್ಯ ಆಸ್ಟ್ರೇಲಿಯಾದ ಹೆಬ್ಬಂಡೆಯ ಹೆಸರಾದ ಉಲುರು ಎಂಬುದು ಅನುವಾದಕ್ಕೆ ಸಿಗದ ಅಂಕಿತನಾಮ. ಅದರಿಂದ ಆ ಬಂಡೆಯ ಘನತೆಗೆ ಯಾವ ಕೊರತೆಯೂ ಆಗಿಲ್ಲ.

ಆದ್ದರಿಂದ ಮಂಡಳಿಯ ದಾಖಲೆಗಳಲ್ಲಿರುವ ಹಳೆಯ ಅರ್ಥಗಳನ್ನು ಆಯಾ ಸಮುದಾಯದ ಭಾಷಾ ಹಿರಿಯರ ಮುಂದಿಟ್ಟು ಪರಿಶೀಲಿಸಬೇಕು, ಅವರ ಉಚ್ಚಾರಣೆಯನ್ನು ಧ್ವನಿಮುದ್ರಿಸಿ ನಮೂದಿಗೆ ಜೋಡಿಸಬೇಕು, ಈ ಕೆಲಸಕ್ಕೆ ಅವರಿಗೆ ತಕ್ಕ ಸಂಭಾವನೆ ಕೊಡಬೇಕು ಎಂದು ವಿನಂತಿಸುತ್ತೇನೆ. ಭಿನ್ನಾಭಿಪ್ರಾಯವಿದ್ದರೆ ಎರಡೂ ಮಾತು ದಾಖಲಾಗಲಿ. ಇದನ್ನು ಯಾವಾಗ ಆರಂಭಿಸುವಿರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪ್ಯಾರಮಟ್ಟಾದ ಕನ್ನಡಿಗ ನಿವಾಸಿ